ಮಗುವಿನ ಲೋಷನ್ ಹಳಸುವುದಿಲ್ಲ ಏಕೆ?

ಅಕ್ಕನ ಮಗಳ ಕೂಸಿಗೆ ತೊಟ್ಟಿಲು ಹಾಕಿದ ಮರುದಿನ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಮನೆಯ ಚಾವಡಿಯಲ್ಲಿ ಕುಳಿತು ಉಡುಗೊರೆಯ ಪೆಟ್ಟಿಗೆಗಳನ್ನು ಬಿಡಿಸುತ್ತಿದ್ದೆವು. ಒಟ್ಟು ಒಂಬತ್ತು ಪೆಟ್ಟಿಗೆ. ಒಂದೊಂದರಲ್ಲೂ ಪೌಡರ್, ಲೋಷನ್, ಶಾಂಪೂ, ಸಾಬೂನು, ಎಣ್ಣೆ, ವೈಪ್ಸ್. ಎಂಬತ್ತು ದಾಟಿದ ಅಜ್ಜಿ ಲೋಷನ್ ಬಾಟಲಿಯೊಂದನ್ನು ಎತ್ತಿಕೊಂಡು, ಮುಚ್ಚಳ ತೆರೆದು ಬೆರಳಿಗೆ ಹಚ್ಚಿ ನೋಡಿದರು. "ಇದರಲ್ಲಿ ನೀರೂ ಉಂಟು, ಎಣ್ಣೆಯೂ ಉಂಟು. ಎರಡು ವರ್ಷ ಇಡಬಹುದು ಎನ್ನುತ್ತೀರಿ. ಹಳಸುವುದಿಲ್ಲವೇ?" ಎಂದು ಕೇಳಿದರು.

ಹತ್ತಿರದ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಆದರೂ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅಂದು ಅಜ್ಜಿಗೆ ಹೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಅವರ ಅಡುಗೆಮನೆಯಲ್ಲೇ ಇತ್ತು. ಬೆಳಗ್ಗೆ ಹಿಂಡಿದ ತೆಂಗಿನ ಹಾಲು ಸಂಜೆಯ ಹೊತ್ತಿಗೆ ಹುಳಿ ವಾಸನೆ ಹೊಡೆಯುತ್ತದೆ. ಅದೇ ಹಾಲನ್ನು ಉರುಳಿಯಲ್ಲಿ ಕಾಸಿ, ನೀರೆಲ್ಲ ಆರಿದ ಮೇಲೆ ಉಳಿಯುವ ಎಣ್ಣೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನೆರೆಯ ಮಲಯಾಳಿ ಮನೆಗಳಲ್ಲಿ ಉರುಕ್ಕು ವೆಳಿಚ್ಚೆಣ್ಣ ಎನ್ನುವುದು ಈ ಎಣ್ಣೆಗೇ. ಎಳೆಯ ಮಕ್ಕಳ ಮೈಗೆ ಹಚ್ಚುವುದು ಅದನ್ನೇ. ಎರಡೂ ಬಂದದ್ದು ಒಂದೇ ತೆಂಗಿನಕಾಯಿಯಿಂದ. ನಡುವಿನ ಮುಖ್ಯ ವ್ಯತ್ಯಾಸ ನೀರು. ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಬದುಕಲು ನೀರು ಬೇಕು. ನೀರಿಲ್ಲದ ಎಣ್ಣೆಗೆ ಕಮಟು ವಾಸನೆ ಬರಬಹುದು, ಆದರೆ ಅದರಲ್ಲಿ ರೋಗಾಣು ಬೆಳೆಯುವುದಿಲ್ಲ.

ಲೋಷನ್ ಎಂದರೆ ಕಾರ್ಖಾನೆಯಲ್ಲಿ ಮಾಡಿದ ತೆಂಗಿನ ಹಾಲು ಎಂದುಕೊಳ್ಳಿ. ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ನೀರಿನಲ್ಲಿ ತೇಲಿಸಿ, ಬೇರೆಯಾಗದಂತೆ ಹಿಡಿದಿಟ್ಟ ಮಿಶ್ರಣ ಅದು. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ. ಶಾಂಪೂವಿನಲ್ಲಿ ಇನ್ನೂ ಹೆಚ್ಚು. ವೈಪ್ಸ್ ಎಂದರೆ ಒದ್ದೆ ಬಟ್ಟೆಯ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಿಂಗಳುಗಟ್ಟಲೆ ಇಟ್ಟಂತೆ. ನಮ್ಮ ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಂದು ರಾತ್ರಿಗೆ ಮುಗ್ಗಲು ಹಿಡಿಯುವಾಗ ಈ ಕಟ್ಟು ಏಕೆ ಹಿಡಿಯುವುದಿಲ್ಲ? ಅದರೊಳಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ, ಬೆಳೆಯಲು ಬಿಡದ ಏನೋ ಒಂದು ಇದೆ. ಅದೇ ಸಂರಕ್ಷಕ, ಅಂಗಡಿಯ ಮಾತಿನಲ್ಲಿ ಪ್ರಿಸರ್ವೇಟಿವ್. ಉಪ್ಪುಸೊಳೆಯನ್ನು ಉಪ್ಪು ಕಾಯುತ್ತದೆ, ಮಾಂಬಳವನ್ನು ಬಿಸಿಲು ಕಾಯುತ್ತದೆ, ಮಿಡಿ ಉಪ್ಪಿನಕಾಯಿಯನ್ನು ಉಪ್ಪೂ ಹುಳಿಯೂ ಸೇರಿ ಕಾಯುತ್ತವೆ. ಅಷ್ಟು ಉಪ್ಪನ್ನಾಗಲಿ ಹುಳಿಯನ್ನಾಗಲಿ ಮಗುವಿನ ಮೈಗೆ ಸವರಲಾಗದು. ಆದ್ದರಿಂದ ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ ಹಾಕಿದರೆ ಸಾಕಾಗುವ ಪದಾರ್ಥಗಳನ್ನು ಹುಡುಕಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೀರಿರುವ ವಸ್ತುವಿನಲ್ಲಿ ಸಂರಕ್ಷಕ ಇಲ್ಲದಿರುವುದು ಒಳ್ಳೆಯ ಸುದ್ದಿಯಲ್ಲ. 2014ರಲ್ಲಿ ಅಮೆರಿಕದಲ್ಲಿ ಮಕ್ಕಳ ವೈಪ್ಸ್‌ನಲ್ಲಿ ಬರ್ಕ್‌ಹೋಲ್ಡೇರಿಯಾ ಸೆಪಾಸಿಯಾ ಎಂಬ ಬ್ಯಾಕ್ಟೀರಿಯಾ ಕಂಡುಬಂದು, ಮಾರುಕಟ್ಟೆಗೆ ಹೋದ ಸರಕನ್ನು ಹಿಂದಕ್ಕೆ ತರಿಸಿಕೊಂಡರು. ಆರೋಗ್ಯವಂತರಿಗೆ ಆ ಬ್ಯಾಕ್ಟೀರಿಯಾ ಹೆಚ್ಚು ಕಾಟ ಕೊಡುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ, ರೋಗನಿರೋಧಕ ಶಕ್ತಿ ಕಡಿಮೆಯಿರುವ ಕೂಸಿಗೆ ಅದು ಜೀವಕ್ಕೇ ಸಂಚಕಾರ. ಮನೆಯಲ್ಲೇ ತಯಾರಿಸಿ ಚಂದದ ಡಬ್ಬಿಯಲ್ಲಿ ತುಂಬಿ, "ಯಾವುದೇ ಕೆಮಿಕಲ್ ಇಲ್ಲ" ಎಂದು ಚೀಟಿ ಅಂಟಿಸಿ ಮಾರುವ ಲೋಳೆಸರದ ಕ್ರೀಮುಗಳನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ.

ಹಾಗೆಂದು "ಕೆಮಿಕಲ್" ಎಂದರೆ ಬೆಚ್ಚಿಬೀಳುವ ನಮ್ಮ ತಾಯಂದಿರನ್ನು ನಾನು ದೂರುವುದಿಲ್ಲ. ಈ ಜಿಲ್ಲೆಯಲ್ಲಿ ಆ ಪದದ ಭಾರ ಬೇರೆಯೇ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಎಣ್ಮಕಜೆ, ಪಡ್ರೆಯ ಕಡೆಯವರು ಮರೆತಿಲ್ಲ, ಮರೆಯುವಂತೆಯೂ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಹಿಡಿಯುವ ಹೊತ್ತಿಗೆ ನಮ್ಮಲ್ಲಿ ಒಂದು ತಲೆಮಾರಿನ ಮಕ್ಕಳು ಅದರ ನೆರಳಿನಲ್ಲೇ ಬೆಳೆದಾಗಿತ್ತು. ಅಂಥ ಊರಿನ ತಾಯಿ ಮಗುವಿನ ಬಾಟಲಿಯನ್ನು ಸಂಶಯದಿಂದ ನೋಡುವುದು ಸಹಜ. ಆದರೆ ಆ ಸಂಶಯವನ್ನೇ ಬಂಡವಾಳ ಮಾಡಿಕೊಂಡು "ನೈಸರ್ಗಿಕ", "ಕೆಮಿಕಲ್ ಮುಕ್ತ" ಎಂದು ಮಾರುವವರಿದ್ದಾರೆ. ಅವರ ಮಾತಿಗೆ ಮರುಳಾಗದೆ ಮಗುವನ್ನು ಕಾಯಬೇಕಾದರೆ ಭಯಕ್ಕೆ ಒಂದು ಹೆಸರು ಬೇಕು. ಯಾವ ಪದಾರ್ಥ, ಎಷ್ಟು, ಮೈಯ ಯಾವ ಜಾಗಕ್ಕೆ, ಎಷ್ಟು ಹೊತ್ತು? ಈ ನಾಲ್ಕನ್ನು ಕೇಳದೆ ಯಾವ ಬಾಟಲಿಯನ್ನೂ ಒಳ್ಳೆಯದು, ಕೆಟ್ಟದು ಎನ್ನಲಾಗದು.

"ಎಷ್ಟು" ಎಂಬುದರಿಂದ ಆರಂಭಿಸೋಣ, ಮಗುವಿನ ಲೆಕ್ಕ ದೊಡ್ಡವರಿಗಿಂತ ಬೇರೆಯಾಗುವುದು ಅಲ್ಲೇ. ಒಂದು ಕಿಲೋ ತೂಗುವ ಕುಂಬಳಕಾಯಿಗಿಂತ ಒಂದು ಕಿಲೋ ಅಡಿಕೆಗೆ ಸಿಪ್ಪೆ ಎಷ್ಟೋ ಹೆಚ್ಚು. ವಸ್ತು ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಹೊರಮೈ ಜಾಸ್ತಿ. ಹಾಗೆಯೇ ಆಗತಾನೇ ಹುಟ್ಟಿದ ಮಗುವಿಗೆ ತೂಕದ ಪ್ರತಿ ಕಿಲೋಗೆ ದೊಡ್ಡವರಿಗಿಂತ ಸುಮಾರು 2.3 ಪಟ್ಟು ಚರ್ಮವಿರುತ್ತದೆ. ಆರು ತಿಂಗಳಿಗೆ ಇದು 1.8 ಪಟ್ಟು, ವರ್ಷ ತುಂಬುವಾಗ 1.6 ಪಟ್ಟು. ಈಗ ಒಂದು ಸ್ಥೂಲ ಲೆಕ್ಕ ಹಾಕೋಣ. ನೂರಕ್ಕೆ ಒಂದು ಭಾಗ ಸಂರಕ್ಷಕವಿರುವ ಲೋಷನ್ನನ್ನು 60 ಕಿಲೋ ತೂಕದ ತಾಯಿ ದಿನಕ್ಕೆ 8 ಗ್ರಾಂ ಹಚ್ಚಿಕೊಂಡರೆ ಪ್ರತಿ ಕಿಲೋ ತೂಕಕ್ಕೆ ಅವಳ ಮೈಮೇಲೆ ಬೀಳುವುದು ಸುಮಾರು 1.3 ಮಿಲಿಗ್ರಾಂ. ಅದೇ ಲೋಷನ್ನಿನಿಂದ ಒಂದು ಚಹಾ ಚಮಚದಷ್ಟು, ಅಂದರೆ 5 ಗ್ರಾಂ, 5 ಕಿಲೋದ ಮಗುವಿಗೆ ಹಚ್ಚಿದರೆ ಪ್ರತಿ ಕಿಲೋಗೆ 10 ಮಿಲಿಗ್ರಾಂ. ಇಷ್ಟೂ ಒಳಗೆ ಹೋಗುವುದಿಲ್ಲ, ಹೋಗುವುದು ಒಂದು ಪಾಲು ಮಾತ್ರ. ಆದರೂ ಬಾಟಲಿ ಒಂದೇ ಆಗಿರುವಾಗ ಮಗುವಿನ ಪಾಲಿಗೆ ಏಳೆಂಟು ಪಟ್ಟು ಹೆಚ್ಚು ಬರುತ್ತದೆ ಎಂಬುದನ್ನು ಮರೆಯಬಾರದು. ಲೋಷನ್ ಹಚ್ಚಿದ ಮೇಲೆ ವೈಪ್ಸ್, ಅದಾದ ಮೇಲೆ ಕ್ರೀಮ್. ಒಂದೇ ಸಂರಕ್ಷಕ ಮೂರರಲ್ಲೂ ಇರಬಹುದು.

ಇನ್ನು ಆ ಚರ್ಮದ ವಿಷಯ. ಮಗುವಿನ ಚರ್ಮದ ಹೊರಪದರ ದೊಡ್ಡವರದಕ್ಕಿಂತ ತೆಳು. ಹುಟ್ಟಿದಾಗ ಅದರ ಮೇಲ್ಮೈಯಲ್ಲಿ ಹುಳಿಯ ಗುಣ ಕಡಿಮೆ, ಕೆಲವು ವಾರಗಳಲ್ಲಿ ನಿಧಾನವಾಗಿ ಬರುತ್ತದೆ. ಆ ಹುಳಿಯೇ ಚರ್ಮದ ಕಾವಲುಗಾರ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗಂತೂ ಚರ್ಮದ ತಡೆ ಇನ್ನೂ ಪೂರ್ಣವಾಗಿ ಕಟ್ಟಿಯೇ ಇರುವುದಿಲ್ಲ. ಒಳಗೆ ಹೋದದ್ದನ್ನು ಹೊರಹಾಕುವ ಕೆಲಸ ಯಕೃತ್ತಿನದು, ಅದೂ ಎಳೆಯದು. ಹುಟ್ಟಿದ ಎರಡು-ಮೂರು ದಿನಕ್ಕೆ ಅನೇಕ ಮಕ್ಕಳಿಗೆ ಕಾಮಾಲೆ ಕಾಣಿಸಿಕೊಳ್ಳುವುದನ್ನು ನೋಡಿದ್ದೇವಲ್ಲ, ಪಿತ್ತದ ಹಳದಿಯನ್ನು ಕರಗುವಂತೆ ಮಾಡಿ ಕಳಿಸುವ ಕಿಣ್ವಗಳು ಇನ್ನೂ ಚುರುಕಾಗದಿರುವುದು ಅದಕ್ಕೆ ಮುಖ್ಯ ಕಾರಣ. ಅನೇಕ ಸಂರಕ್ಷಕಗಳನ್ನು ದೇಹದಿಂದ ಸಾಗಹಾಕುವುದೂ ಅದೇ ಕುಟುಂಬದ ಕಿಣ್ವಗಳು.

ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗ ಡೈಪರಿನ ಅಡಿ. ಇಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರಿನವರೆಗೆ ಮಳೆ. ಬಟ್ಟೆ ಒಣಗಿಸುವ ಪಾಡು ಬಾಣಂತಿಯರ ಮನೆಯವರಿಗೇ ಗೊತ್ತು. ಒಲೆಯ ಮೇಲಿನ ಹಗ್ಗ, ಅಡಿಕೆಗೆಂದು ಕಟ್ಟಿದ ಪ್ಲಾಸ್ಟಿಕ್ ಮಾಡು, ಕೊನೆಗೆ ಇಸ್ತ್ರಿಪೆಟ್ಟಿಗೆ. ಯಾವುದೂ ಸಾಲದೆ ಡೈಪರಿಗೆ ಹೋಗುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಡೈಪರಿನ ಒಳಗೆ ಬಿಸಿ, ತೇವ, ಉಜ್ಜಾಟ. ಮೂತ್ರ ಮತ್ತು ಮಲ ಸೇರಿದಾಗ ಅಮೋನಿಯಾ ಹುಟ್ಟಿ ಚರ್ಮದ ಹುಳಿಯನ್ನು ಕಳೆಯುತ್ತದೆ. ಮಲದಲ್ಲಿರುವ ಕಿಣ್ವಗಳು ಆಗ ಚುರುಕಾಗಿ ಚರ್ಮವನ್ನೇ ಕೊರೆಯತೊಡಗುತ್ತವೆ. ಹೀಗೆ ಬಿರುಕುಬಿಟ್ಟ, ಮುಚ್ಚಿಟ್ಟ ಚರ್ಮದ ಮೇಲೆ ಹಚ್ಚಿದ್ದು ಕೈಗೋ ಕಾಲಿಗೋ ಹಚ್ಚಿದ್ದಕ್ಕಿಂತ ಹೆಚ್ಚು ಒಳಗಿಳಿಯುತ್ತದೆ. ಯುರೋಪಿನ ನಿಯಮಗಳು ಮೂರು ವರ್ಷದೊಳಗಿನ ಮಕ್ಕಳ ಡೈಪರಿನ ಜಾಗವನ್ನು ಬೇರೆಯಾಗಿಯೇ ಎಣಿಸುವುದು ಇದೇ ಕಾರಣಕ್ಕೆ.

ಚರ್ಮದ ಮೂಲಕ ವಿಷ ಏರುತ್ತದೆಯೇ ಎಂದು ಇನ್ನೂ ಸಂಶಯವಿದ್ದರೆ 1972ರ ಫ್ರಾನ್ಸಿನ ಘಟನೆ ಕೇಳಿ. ಅಲ್ಲಿ ಮಕ್ಕಳ ಟಾಲ್ಕಮ್ ಪೌಡರಿಗೆ ಹೆಕ್ಸಾಕ್ಲೋರೊಫೀನ್ ಎಂಬ ರೋಗಾಣುನಾಶಕ ಕಣ್ತಪ್ಪಿನಿಂದ ನೂರಕ್ಕೆ 6ರಷ್ಟು ಬೆರೆತುಹೋಯಿತು. 204 ಮಕ್ಕಳು ಕಾಯಿಲೆ ಬಿದ್ದರು, 36 ಮಕ್ಕಳು ತೀರಿಕೊಂಡರು. ಡೈಪರಿನ ಅಡಿಯಲ್ಲಿ ಪುಡಿ ಉದುರಿಸಿದ್ದಷ್ಟೇ ಅವರ ತಾಯಂದಿರು ಮಾಡಿದ್ದು. ಹತ್ತು ವರ್ಷಗಳ ಬಳಿಕ, 1982ರಲ್ಲಿ, ಅಮೆರಿಕದ ಆಸ್ಪತ್ರೆಗಳಲ್ಲಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳು ಏದುಸಿರು ಬಿಡುತ್ತಾ ಸಾಯುತ್ತಿದ್ದುದಕ್ಕೆ ಕಾರಣ ಗೊತ್ತಾಯಿತು. ರಕ್ತನಾಳದ ಕೊಳವೆಯನ್ನು ತೊಳೆಯಲು ಬಳಸುತ್ತಿದ್ದ ಉಪ್ಪುನೀರಿನಲ್ಲಿ ಸಂರಕ್ಷಕವಾಗಿ ಬೆಂಜೈಲ್ ಆಲ್ಕೊಹಾಲ್ ಇತ್ತು. ದೊಡ್ಡವರ ದೇಹ ಸುಲಭವಾಗಿ ಅರಗಿಸಿಕೊಳ್ಳುವಷ್ಟೇ ಪ್ರಮಾಣ. ಒಂದು ಕಿಲೋ ತೂಕದ ಶಿಶುವಿನ ಯಕೃತ್ತಿಗೆ ಅದು ಆಗಲಿಲ್ಲ. ಇದೇ ಬೆಂಜೈಲ್ ಆಲ್ಕೊಹಾಲ್ ಇಂದಿಗೂ ಲೋಷನ್ನುಗಳಲ್ಲಿದೆ. ಅಲ್ಲಿ ಅಲ್ಪ ಪ್ರಮಾಣದಲ್ಲಿ ಚರ್ಮದ ಮೇಲಷ್ಟೇ ಇರುವುದರಿಂದ ಆ ಅನಾಹುತ ಆಗುವುದಿಲ್ಲ. ಪದಾರ್ಥ ಒಂದೇ. ದಾರಿ ಬೇರೆ, ಪ್ರಮಾಣ ಬೇರೆ, ಫಲವೂ ಬೇರೆ.

ಈಗ ಬಾಟಲಿಯ ಹಿಂಬದಿಯಲ್ಲಿರುವ ಸಂರಕ್ಷಕಗಳ ಹೆಸರುಗಳಿಗೆ ಬರೋಣ. ಅತಿ ಹೆಚ್ಚು ಬೈಗುಳ ತಿಂದದ್ದು ಪ್ಯಾರಾಬೆನ್. ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯೂಟೈಲ್ ಎಂದು ಇದರಲ್ಲಿ ಅಣ್ಣತಮ್ಮಂದಿರಿದ್ದಾರೆ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು 20 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ ಪ್ಯಾರಾಬೆನ್ ಇರುವುದನ್ನು ಕಂಡರು. ಅದರಿಂದಲೇ ಗಡ್ಡೆ ಬಂತೆಂದು ಆ ಅಧ್ಯಯನ ತೋರಿಸಿರಲಿಲ್ಲ. ಗಡ್ಡೆಯಿಲ್ಲದ ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಸಿಯೂ ಇರಲಿಲ್ಲ. ಆದರೆ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಪ್ಯಾರಾಬೆನ್‌ಗಳು ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆ ಸ್ವಲ್ಪ ನಟಿಸುತ್ತವೆ ಎಂಬುದು ನಿಜ. ಆ ನಟನೆ ನಿಜವಾದ ಹಾರ್ಮೋನಿಗಿಂತ ಸಾವಿರಾರು ಪಟ್ಟು ದುರ್ಬಲ ಎಂಬುದೂ ನಿಜ. ಅಣುವಿನಲ್ಲಿರುವ ಇಂಗಾಲದ ಸರಪಳಿ ಉದ್ದವಾದಂತೆ, ಅಂದರೆ ಮೀಥೈಲಿನಿಂದ ಬ್ಯೂಟೈಲಿನ ಕಡೆಗೆ ಹೋದಂತೆ, ಈ ಗುಣ ಹೆಚ್ಚುತ್ತದೆ. ಆದ್ದರಿಂದ ಡೆನ್ಮಾರ್ಕ್ 2011ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಲ್ಲಿ ಪ್ರೊಪೈಲ್ ಮತ್ತು ಬ್ಯೂಟೈಲನ್ನು ನಿಷೇಧಿಸಿತು. 2014ರಲ್ಲಿ ಯುರೋಪಿನ ಒಕ್ಕೂಟ ಆ ವಯಸ್ಸಿನ ಮಕ್ಕಳ ಡೈಪರಿನ ಜಾಗಕ್ಕೆ ಹಚ್ಚಿ ತೊಳೆಯದೆ ಬಿಡುವ ವಸ್ತುಗಳಲ್ಲಿ ಇವೆರಡನ್ನೂ ತಡೆಯಿತು. ಮೀಥೈಲ್ ಮತ್ತು ಈಥೈಲ್‌ಗೆ ಮಿತಿ ಹಾಕಿ ಉಳಿಸಿಕೊಂಡಿತು. ನನಗೆ ಇದು ವಿವೇಕದ ನಿರ್ಧಾರವಾಗಿ ಕಾಣುತ್ತದೆ.

ಮಾರುಕಟ್ಟೆ ಇಷ್ಟು ತಾಳ್ಮೆ ತೋರಲಿಲ್ಲ. ಜನ "ಪ್ಯಾರಾಬೆನ್ ಇಲ್ಲ" ಎಂಬ ಚೀಟಿಯನ್ನೇ ಹುಡುಕತೊಡಗಿದಾಗ ತಯಾರಕರಿಗೆ ಬದಲಿ ಬೇಕಾಯಿತು. ಆ ಜಾಗಕ್ಕೆ ಬಂದವುಗಳಲ್ಲಿ ಒಂದು ಮೀಥೈಲ್‌ಐಸೊಥಯಜೊಲಿನೋನ್. 2005ರಿಂದ ಯುರೋಪಿನಲ್ಲಿ ಅದನ್ನೊಂದನ್ನೇ ದಶಲಕ್ಷಕ್ಕೆ 100 ಭಾಗದವರೆಗೆ ಸೇರಿಸಲು ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಚರ್ಮರೋಗ ತಜ್ಞರ ಬಳಿ ಸಾಲು ನಿಂತಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತು. 2014ರಲ್ಲಿ ಅಲ್ಲಿಯ ವೈದ್ಯರು ಆರು ಮಕ್ಕಳ ವಿವರ ಪ್ರಕಟಿಸಿದರು. ಬಾಯಿಯ ಸುತ್ತ, ಪೃಷ್ಠದ ಮೇಲೆ ಕೆಂಪು ಗುಳ್ಳೆ. ಇಸುಬು, ಸೋರಿಯಾಸಿಸ್ ಎಂದೆಲ್ಲ ಮದ್ದು ಮಾಡಿ ಸೋತಿದ್ದರು. ವೈಪ್ಸ್ ನಿಲ್ಲಿಸಿದ ಮೇಲೆ ವಾಸಿಯಾಯಿತು. ಕೊನೆಗೆ ಯುರೋಪ್ 2016ರಲ್ಲಿ ನಿಯಮ ತಂದು, ಹಚ್ಚಿ ಬಿಡುವ ವಸ್ತುಗಳಲ್ಲೂ ವೈಪ್ಸ್‌ನಲ್ಲೂ ಅದನ್ನು ನಿಷೇಧಿಸಿತು. ತೊಳೆದುಹೋಗುವ ಶಾಂಪೂವಿನಂಥವಲ್ಲಿ ಮಿತಿಯನ್ನು ಮುಂದೆ ದಶಲಕ್ಷಕ್ಕೆ 15 ಭಾಗಕ್ಕೆ ಇಳಿಸಿತು. ಅಷ್ಟು ಬೈಸಿಕೊಂಡ ಪ್ಯಾರಾಬೆನ್ ಏನಾಯಿತು ಗೊತ್ತೇ? 2019ರಲ್ಲಿ ಅದೇ ಸಂಘ ಅದನ್ನು "ವರ್ಷದ ಅಲರ್ಜಿರಹಿತ ವಸ್ತು" ಎಂದು ಕರೆಯಿತು. ಹೆದರಿಕೆ ಆತುರಪಟ್ಟಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಅಲರ್ಜಿಯ ಸ್ವಭಾವ ವಿಷದಂತಲ್ಲ ಎಂಬುದನ್ನೂ ತಿಳಿದಿರಬೇಕು. ವಿಷ ಪ್ರಮಾಣಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಅಲರ್ಜಿಯಲ್ಲಿ ದೇಹದ ರಕ್ಷಣಾ ಕಣಗಳು ಒಂದು ಪದಾರ್ಥದ ಗುರುತು ಹಿಡಿದುಕೊಳ್ಳುತ್ತವೆ. ಒಮ್ಮೆ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಮಗುವಾಗಿದ್ದಾಗ ಮೀಥೈಲ್‌ಐಸೊಥಯಜೊಲಿನೋನ್ ಹಿಡಿಸದಂತಾದವರಿಗೆ ದೊಡ್ಡವರಾದ ಮೇಲೆ ಹೊಸದಾಗಿ ಪೇಂಟ್ ಬಳಿದ ಕೋಣೆಯಲ್ಲಿ ಕುಳಿತರೂ ಮುಖ ಕೆಂಪಾಗಬಹುದು. ನೀರು ಬೆರೆಯುವ ಗೋಡೆಬಣ್ಣದಲ್ಲೂ ಅದೇ ಸಂರಕ್ಷಕವಿರುತ್ತದೆ.

ನಮ್ಮ ಕೂಸಿಗೂ ಎರಡು ತಿಂಗಳು ಕಳೆಯುವಷ್ಟರಲ್ಲಿ ಬಾಯಿಯ ಸುತ್ತ ಒಂದು ಕೆಂಪು ಉಂಗುರ ಮೂಡಿತ್ತು, ತೊಡೆಸಂದಿಯಲ್ಲೂ. ಹಾಲು ಕಕ್ಕಿದಾಗಲೆಲ್ಲ ವೈಪ್ಸ್‌ನಿಂದ ಒರೆಸುತ್ತಿದ್ದರು. ಯಾರೋ ಹೇಳಿದರೆಂದು ಮದ್ದಿನಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚಿದ್ದರು. ಅದರ ಮೇಲಿನ ಹೆಸರು ಓದಿ ನನ್ನ ಎದೆ ಧಸಕ್ಕೆಂದಿತು. ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು ಮತ್ತು ಬಲವಾದ ಸ್ಟೀರಾಯ್ಡ್ ಮೂರೂ ಬೆರೆತ ಕ್ರೀಮ್. ಡೈಪರಿನ ಅಡಿಯಲ್ಲಿ ಅಂಥ ಸ್ಟೀರಾಯ್ಡ್ ರಕ್ತಕ್ಕೆ ಇಳಿದು ಮಗುವಿನ ಸ್ವಂತ ಹಾರ್ಮೋನುಗಳನ್ನೇ ಏರುಪೇರು ಮಾಡಬಲ್ಲದು. ಸಂರಕ್ಷಕಕ್ಕಿಂತ ಎಷ್ಟೋ ದೊಡ್ಡ ಅಪಾಯ ಅದು. ಮಕ್ಕಳ ವೈದ್ಯರು ಟ್ಯೂಬನ್ನೂ ವೈಪ್ಸ್‌ಅನ್ನೂ ನಿಲ್ಲಿಸಿ, ಬರೀ ನೀರು ಮತ್ತು ಸತುವಿನ ಮುಲಾಮು ಸಾಕು ಎಂದರು. ಹತ್ತು ದಿನದಲ್ಲಿ ಉಂಗುರ ಮಾಸಿತು. ಅಲರ್ಜಿಯೋ ಬರೀ ಉರಿತವೋ ಎಂದು ಅಷ್ಟು ಎಳೆಯ ಮಗುವನ್ನು ಪರೀಕ್ಷೆಗೆ ಒಡ್ಡಲು ಅವರು ಮನಸ್ಸು ಮಾಡಲಿಲ್ಲ. ಸರಿಯಾದದ್ದನ್ನೇ ಮಾಡಿದರು.

ಇನ್ನೊಂದು ಗುಂಪು ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವಂಥದ್ದು. ಇವು ಮಾರುವೇಷದಲ್ಲಿರುತ್ತವೆ. ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ, ಡಯಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಮ್-15 ಎಂಬ ಹೆಸರುಗಳಲ್ಲಿ ಫಾರ್ಮಾಲ್ಡಿಹೈಡ್ ಎಂಬ ಪದವೇ ಇಲ್ಲ. ಬಾಟಲಿಯೊಳಗೆ ಅವು ಹನಿಹನಿಯಾಗಿ ಅದನ್ನು ಬಿಡುತ್ತಿರುತ್ತವೆ. ಫಾರ್ಮಾಲ್ಡಿಹೈಡ್ ನಮಗೆ ಹೊಸದಲ್ಲ. ಶಾಲೆಯ ಜೀವಶಾಸ್ತ್ರ ಕೊಠಡಿಯಲ್ಲಿ ಕಪ್ಪೆಯನ್ನು ಮುಳುಗಿಸಿಟ್ಟ ಭರಣಿಯ ಮುಚ್ಚಳ ತೆಗೆದಾಗ ಕಣ್ಣು ಉರಿಸುವ ಫಾರ್ಮಲಿನ್ ಅದರದೇ ದ್ರಾವಣ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಆಪರೇಷನ್ ಸಾಗರ್ ರಾಣಿ ಎಂಬ ತಪಾಸಣೆಯಲ್ಲಿ ಟನ್ನುಗಟ್ಟಲೆ ಮೀನು ಹಿಡಿದದ್ದೂ ಅದನ್ನು ಬೆರೆಸಿದ್ದರೆಂದೇ. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ತೀರ್ಮಾನಕ್ಕೆ ಮುಖ್ಯ ಆಧಾರ ಕೆಲಸದ ಜಾಗದಲ್ಲಿ ವರ್ಷಗಟ್ಟಲೆ ಅದರ ಆವಿ ಉಸಿರಾಡಿದವರು. ತೊಳೆದುಹೋಗುವ ಶಾಂಪೂವಿನಿಂದ ಮಗುವಿಗೆ ಕ್ಯಾನ್ಸರ್ ಬರುತ್ತದೆ ಎಂದು ಹೇಳಲು ಅದು ಸಾಲದು. ಆದರೆ ಇದು ಹೆಸರಾಂತ ಅಲರ್ಜಿಕಾರಕ, ಬದಲಿಗಳೂ ಧಾರಾಳವಾಗಿವೆ. ಮಗುವಿನ ಬಾಟಲಿಯಲ್ಲಿ ಇದನ್ನು ಇಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಫೀನಾಕ್ಸಿಎಥನಾಲ್ ಈಗ ಎಲ್ಲೆಲ್ಲೂ ಇದೆ. ಯುರೋಪಿನ ಮಿತಿ ನೂರಕ್ಕೆ 1. ಫ್ರಾನ್ಸಿನ ಔಷಧ ಸುರಕ್ಷತಾ ಸಂಸ್ಥೆ 2012ರಲ್ಲಿ ಮೂರು ವರ್ಷದೊಳಗಿನವರಿಗೆ 0.4 ಸಾಕು, ಡೈಪರಿನ ಜಾಗಕ್ಕೆ ಬೇಡವೇ ಬೇಡ ಎಂದಿತು. 2016ರಲ್ಲಿ ಯುರೋಪಿನ ವೈಜ್ಞಾನಿಕ ಸಮಿತಿ 1ರವರೆಗೆ ಮಕ್ಕಳಿಗೂ ಸುರಕ್ಷಿತ ಎಂದಿತು. ತಿಳಿದವರೇ ಹೀಗೆ ಎರಡು ಮಾತಾಡಿದಾಗ ತಾಯಿ ಏನು ಮಾಡಬೇಕು? ನಾನಾದರೆ ತೊಳೆದುಹೋಗುವ ವಸ್ತುವಿನಲ್ಲಿ ಅದಿದ್ದರೆ ಚಿಂತಿಸುವುದಿಲ್ಲ, ಡೈಪರಿನ ಅಡಿಗೆ ಹಚ್ಚುವುದರಲ್ಲಿ ಇದ್ದರೆ ಬಿಟ್ಟುಬಿಡುತ್ತೇನೆ. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಎಂಬವು ಶರಬತ್ತಿನ ಬಾಟಲಿಯಲ್ಲೂ ಇರುವ ಸೌಮ್ಯ ಪದಾರ್ಥಗಳು, ಹುಳಿ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಅಯೊಡೊಪ್ರೊಪಿನೈಲ್ ಬ್ಯೂಟೈಲ್‌ಕಾರ್ಬಮೇಟ್ ಎಂಬ ಉದ್ದ ಹೆಸರಿನದರಲ್ಲಿ ಅಯೊಡಿನ್ ಇದೆ. ಸ್ನಾನದ ವಸ್ತು ಮತ್ತು ಶಾಂಪೂ ಬಿಟ್ಟರೆ ಮೂರು ವರ್ಷದೊಳಗಿನವರಿಗೆ ಯುರೋಪ್ ಅದನ್ನು ಒಪ್ಪುವುದಿಲ್ಲ.

ನಮ್ಮ ದೇಶದಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳಿವೆ. ಯಾವುದು ನಿಷಿದ್ಧ, ಯಾವುದಕ್ಕೆ ಎಷ್ಟು ಮಿತಿ ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 4707 ಎಂಬ ಮಾನದಂಡವಿದೆ. ಬಾಟಲಿಯ ಮೇಲೆ ಪದಾರ್ಥಗಳ ಪಟ್ಟಿ ಇರಲೇಬೇಕು. ನೂರಕ್ಕೆ ಒಂದಕ್ಕಿಂತ ಹೆಚ್ಚಿರುವವು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮೊದಲು ಬರುತ್ತವೆ, ಅದಕ್ಕಿಂತ ಕಡಿಮೆಯವು ಕೊನೆಯಲ್ಲಿ ಹೇಗೆ ಬೇಕಾದರೂ ಬರಬಹುದು. ಸಂರಕ್ಷಕವನ್ನು ಹುಡುಕಬೇಕಾದದ್ದು ಆ ಬಾಲದಲ್ಲಿ. ಮೊದಲ ಹೆಸರು "ಅಕ್ವಾ" ಅಥವಾ "ವಾಟರ್" ಎಂದಿದ್ದರೆ ಬಾಲದಲ್ಲಿ ಸಂರಕ್ಷಕ ಇದ್ದೇ ಇರಬೇಕು. ಆಯುರ್ವೇದದ ಹೆಸರಿನಲ್ಲಿ ಬಂದರೂ ನೀರಿನ ಸ್ವಭಾವ ಬದಲಾಗುವುದಿಲ್ಲ. ಒಂದು ಕೊರತೆಯನ್ನು ಗಮನಿಸಿ: 60 ಮಿಲಿಲೀಟರಿಗಿಂತ ಚಿಕ್ಕ ದ್ರವದ ಬಾಟಲಿಗೂ 30 ಗ್ರಾಂಗಿಂತ ಚಿಕ್ಕ ಡಬ್ಬಿಗೂ ಈ ಪಟ್ಟಿಯಿಂದ ವಿನಾಯಿತಿ ಇದೆ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಬಸ್ ಇಳಿದು ಚಿಕ್ಕ ಅಂಗಡಿಯಲ್ಲಿ ಚಿಕ್ಕ ಪೊಟ್ಟಣ ಕೊಳ್ಳುವ ಬಡ ತಾಯಿಗೇ ಓದಲು ಏನೂ ಸಿಗದಂತಾಗುತ್ತದೆ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಪಟ್ಟಿ ಇದ್ದರೂ ಅದು ಇಂಗ್ಲಿಷಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಆರೋಗ್ಯ ಕೇಂದ್ರದ ಕೈಪಿಡಿ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಬಾಣಂತಿ ಎರಡರ ನಡುವೆ ಬರಿಗೈಯಲ್ಲಿ ನಿಲ್ಲುತ್ತಾಳೆ.

ಮನೆಯೊಳಗೆ ನಾವೇ ಮಾಡುವ ತಪ್ಪುಗಳಿವೆ. ಶಾಂಪೂ ತಳ ಮುಟ್ಟಿದಾಗ ಬಾಟಲಿಗೆ ನೀರು ಹಾಕಿ ಕುಲುಕಿ ಇಡುವುದು ನಮ್ಮೆಲ್ಲರ ಅಭ್ಯಾಸ. ನೀರು ಸೇರಿದಾಗ ಸಂರಕ್ಷಕ ತೆಳುವಾಗಿ ಕಾವಲು ಕಾಯಲಾರದೆ ಹೋಗುತ್ತದೆ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದವರನ್ನು ಗದರುವ ಮನೆಯಲ್ಲೇ ಇದು ನಡೆಯುತ್ತದೆ. ನೀರು ಬೆರೆಸಿದರೆ ಅಂದೇ ಮುಗಿಸಬೇಕು. ಕ್ರೀಮಿನ ಡಬ್ಬಿಗೆ ಒದ್ದೆ ಬೆರಳು ಅದ್ದುವುದೂ ಅಷ್ಟೇ ತಪ್ಪು. ಮೀಯಿಸುವ ನೀರಿಗೆ ಒಂದು ಮುಚ್ಚಳ ನಂಜುನಾಶಕ ಸುರಿಯುವವರಿದ್ದಾರೆ. ಗಾಯ ತೊಳೆಯಲು ಇರುವುದು ಮಗುವಿನ ಇಡೀ ಮೈಗೆ ಬೇಡ. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿ ಕೆಲವು ಬೆವರುಸಾಲೆ ಪೌಡರುಗಳಲ್ಲೂ ಇರುತ್ತದೆ. ಬಿರುಕು ಚರ್ಮದಿಂದ ಅದು ಒಳಗಿಳಿದು ಮಕ್ಕಳು ತೀರಿಕೊಂಡ ದಾಖಲೆಗಳು ಹಿಂದಿನಿಂದಲೂ ಇವೆ. ಮನೆಗೆ ತರುವ ಮುನ್ನ ಹೆಸರು ನೋಡಿ.

ಹಾಗಾದರೆ ಮಗುವಿಗೆ ಏನು ಬೇಕು? ಬಹಳ ಕಡಿಮೆ. ಮಲ ತೊಳೆಯಲು ನೀರು, ಒರೆಸಲು ಮೆತ್ತನೆಯ ಹಳೆಯ ಬಟ್ಟೆ. ವೈಪ್ಸ್ ಮಂಗಳೂರಿಗೆ ಹೋಗುವ ಬಸ್ಸಿಗಿರಲಿ, ಮನೆ ಮುಟ್ಟಿದ ಮೇಲೆ ನೀರಿನಿಂದ ತೊಳೆದುಬಿಡಿ. ಚರ್ಮ ಕೆಂಪಾಗತೊಡಗಿದರೆ ನೀರಿಲ್ಲದ ಪೆಟ್ರೋಲಿಯಂ ಜೆಲ್ಲಿ ಅಥವಾ ಸತುವಿನ ಮುಲಾಮು. ನೀರಿಲ್ಲದ್ದರಿಂದ ಅದಕ್ಕೆ ಸಂರಕ್ಷಕದ ಗೊಡವೆ ಕಡಿಮೆ. ಒಣ ಚರ್ಮಕ್ಕೆ ತೆಂಗಿನೆಣ್ಣೆ. ಎಣ್ಣೆಯೆಂದರೆ ಯಾವುದೂ ಆದೀತು ಎಂದುಕೊಳ್ಳಬೇಡಿ, ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಚರ್ಮದ ತಡೆಯನ್ನು ಕೆಡಿಸುವುದು ಅಧ್ಯಯನಗಳಲ್ಲಿ ಕಂಡಿದೆ. ಕೆಂಪು ಮೂರು ದಿನದಲ್ಲಿ ತಗ್ಗದಿದ್ದರೆ ಅಥವಾ ಹರಡಿದರೆ ಹಚ್ಚುತ್ತಿದ್ದ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ. ಅವರಿಗೆ ಬೇಕಾದದ್ದು ಆ ಹಿಂಬದಿಯ ಪಟ್ಟಿಯೇ.

ಅಕ್ಕನ ಮಗಳು ಕೇಳಿದಳೆಂದು ನಾನು ಒಂದು ಹಾಳೆಯಲ್ಲಿ ಈ ಹೆಸರುಗಳನ್ನು ಕನ್ನಡದಲ್ಲೂ, ಪಕ್ಕದಲ್ಲಿ ಬಾಟಲಿಯ ಮೇಲೆ ಕಾಣುವಂತೆ ಇಂಗ್ಲಿಷ್ ಅಕ್ಷರಗಳಲ್ಲೂ ಬರೆದುಕೊಟ್ಟೆ. ಅದನ್ನವಳು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದಳು. ಕೂಸನ್ನು ತೂಗಲು ಬಂದ ಆಶಾ ಕಾರ್ಯಕರ್ತೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು, "ಟೀಚರೇ, ಮಲಯಾಳದಲ್ಲಿಯೂ ಒಂದು ಬೇಕು" ಎಂದರು. ಇಬ್ಬರೂ ಕುಳಿತು ಅದನ್ನೂ ಬರೆದೆವು.

ಆ ಹೊತ್ತಿಗೆ ಅಜ್ಜಿ ಅಡುಗೆಮನೆಯಲ್ಲಿ ಉರುಳಿಯ ಮುಂದೆ ಕುಳಿತಿದ್ದರು. ತೆಂಗಿನ ಹಾಲು ಕುದಿದು ಕುದಿದು, ಗಸಿ ಕಂದುಬಣ್ಣಕ್ಕೆ ತಿರುಗಿ, ಎಣ್ಣೆ ಮೇಲೆ ಬಂದಿತ್ತು. "ಆಯಿತೇ ಅಜ್ಜಿ?" ಎಂದು ಕೇಳಿದೆ. ಅವರು ಕೈ ಎತ್ತಿ ನನ್ನನ್ನು ತಡೆದು ಕಿವಿಗೊಟ್ಟರು. ಒಳಗೆ ಇನ್ನೂ ಚಟಪಟ ಎನ್ನುತ್ತಿತ್ತು. "ನೀರುಂಟು," ಎಂದರು. ಆ ಸದ್ದು ಪೂರ್ತಿ ನಿಂತ ಮೇಲೆಯೇ ಉರುಳಿಯನ್ನು ಒಲೆಯಿಂದ ಇಳಿಸಿದರು.